ಕೋಲು ಬಿದ್ದ ಜಾಗ

...ಈ ವಾಯ್ಸ್ ಮೆಸೇಜ್ ಮತ್ತೆ ಮೊದಲಿಂದ ಶುರು ಮಾಡ್ತಿದೀನಿ, ಬೈಬೇಡ ಕಣೇ. ಮೊದಲನೇ ಸಲ ಬರೀ ಲಿಫ್ಟ್ ಮೋಟಾರಿನ ಸದ್ದೇ ತುಂಬ್ಕೊಂಡಿತ್ತು, ಎರಡನೇ ಸಲ ಅರ್ಧದಲ್ಲೇ ಯಾರೋ ಕರೆದ್ರು, ಎರಡೂ ಅಳಿಸ್ಬಿಟ್ಟೆ. ಸೋಮವಾರ ಬೆಳಗ್ಗೆ, ಹೊಸ ಆಫೀಸ್ ಕಟ್ಟಡದ ತಾರಸಿ ಮೇಲೆ, ಲಿಫ್ಟಿಗೆ ಹಾಕೋ ಗ್ರೀಸ್ ಡಬ್ಬದ ಪಕ್ಕ ಕೂತು ಮಾತಾಡ್ತಿರೋದು ನಿನ್ ಅಣ್ಣ. ಹೇಗಿದೀಯ, ಪುಟ್ಟಿ? ಸೊಂಟನೋವು ಕಮ್ಮಿ ಆಯ್ತಾ? ವಾರ್ಡಲ್ಲಿ ಇಡೀ ದಿನ ನಿಂತೇ ಇರ್ತೀಯಂತೆ. ರೋಗಿಗಳಿಗೆಲ್ಲ ರೆಸ್ಟ್ ತಗೊಳ್ಳಿ ಅಂತ ಗದರೋ ನರ್ಸಮ್ಮ, ನೀನೂ ಒಂಚೂರು ಕೂತ್ಕೋ.

ನೀನು ವರ್ಗ ಆಗಿ ಹೋದ್ಮೇಲೆ ನಮ್ಮ ಬ್ಯಾಂಡು ಮುಳುಗಿಹೋಯ್ತು, ನಿನ್ನಿಂದಲೇ ಮುಳುಗಿತು ಅಂತ ಕೊರಗ್ತಿದೀಯ ಅಂತ ನಿನ್ ಗಂಡ ಹೇಳಿದ. ಸುಳ್ಳು ಹೇಳಲ್ಲ, ಮುಳುಗೋ ಹಾಗೇ ಇತ್ತು. ಡ್ರಮ್ಸ್ ಬಾರಿಸೋ ನೀನಿಲ್ದೆ ಕೀಬೋರ್ಡಿನ ನಾನು, ಹಾಡೋ ಬಸ್ ಕಂಡಕ್ಟ್ರು, ಗಿಟಾರ್ ನುಡಿಸೋ ಹಲ್ಲಿನ ಡಾಕ್ಟ್ರು, ಮೂವರೂ ಮುಖ ಮುಖ ನೋಡ್ಕೊಂಡು ಕೂತಿರ್ತಿದ್ವಿ. ಆಮೇಲೆ ಸಿಕ್ಕಿದ್ದು ಬೇಕರಿಯವನ ಸೊಸೆ. ಸಂಗೀತ ಕಾಲೇಜಲ್ಲಿ ಡ್ರಮ್ಸ್ ಕಲ್ತು ಬಂದೋಳು, ಬೆಳಗ್ಗೆ ಹಿಟ್ಟು ನಾದ್ತಾಳೆ, ಸಂಜೆ ನಮ್ಮನ್ನ ನಾದ್ತಾಳೆ. "ಅಣ್ಣ, ನೀವು ತಾಳಕ್ಕಿಂತ ಹಿಂದೆ ಇದೀರ, ಬೇಗ ಬನ್ನಿ" ಅಂತಾಳೆ, ಐವತ್ತು ವರ್ಷದ ನನಗೆ!

ಗೊತ್ತಲ್ಲ, ನಮ್ಮ ಆ ಹಾಡು. ಮೊದಲನೇ ಶೋನಲ್ಲಿ ಅದರ ಮಧ್ಯೆ ನಿನ್ ಕೈಯಿಂದ ಕೋಲು ಜಾರಿ ಬಿತ್ತು, ನಾವೆಲ್ಲ ಪೆದ್ದರ ಹಾಗೆ ನಿಂತ್ಬಿಟ್ವಿ, ಮುಂದಿನ ಸಾಲಿಂದ ನಮ್ಮಪ್ಪ "ಎತ್ಕೋ!" ಅಂತ ಕೂಗಿದ್ರು. ಅವತ್ತಿಂದ ಪ್ರತಿ ಸಲ ನೀನು ಬೀಳಿಸ್ಲೇಬೇಕು, ನಾವು ನಿಲ್ಲಿಸ್ಲೇಬೇಕು, ಊರೆಲ್ಲ ಕೂಗ್ಲೇಬೇಕು. ರಾಜಧಾನಿ ಸ್ಪರ್ಧೆಗೆ ಹೋದಾಗ ಆ ಜಡ್ಜು "ಮಧ್ಯೆ ದಾರಿ ತಪ್ಪಿದ್ರಿ, ಮನೇಲಿ ಇನ್ನೂ ಪ್ರಾಕ್ಟೀಸ್ ಮಾಡಿ" ಅಂದ್ನಲ್ಲ! ಈ ಊರು ದಾಟಿದ್ರೆ ನಮ್ಮನ್ನ ಯಾರೂ ಮೂಸಲ್ಲ ನಿಜ, ಆದ್ರೆ ಇಲ್ಲಿ ಹಲ್ಲು ಕೀಳಿಸ್ಕೊಳ್ಳೋಕೆ ಬಾಯಿ ತೆಗೆದವನೂ ಡಾಕ್ಟ್ರ ಮುಂದೆ ಅದೇ ಹಾಡು ಗುನುಗ್ತಾನೆ ಕಣೇ.

ಈ ಕಥೆ ಹೇಳಿದ್ರೆ ಬೇಕರಿ ಸೊಸೆ ಏನಂದ್ಳು ಗೊತ್ತಾ? "ತಪ್ಪನ್ನ ಯಾಕೆ ಪ್ರಾಕ್ಟೀಸ್ ಮಾಡ್ತೀರ? ನಾನು ನಿಲ್ಸಲ್ಲ, ಸೀದಾ ಬಾರಿಸ್ತೀನಿ." ಸರಿ ತಾಯಿ ಅಂದ್ವಿ, ಇದ್ದೋಳೂ ಓಡಿಹೋದ್ರೆ ಏನ್ಮಾಡೋದು. ನಿನ್ನೆ ಶೋ ಕೆಟ್ರೆ ಬ್ಯಾಂಡು ಮುಚ್ಚೋದೇ ಅಂತ ಡಾಕ್ಟ್ರು ಹೇಳಿಯೂ ಆಗಿತ್ತು. ನಿನ್ನೆ ಸಂಜೆ ಬಸ್ ಡಿಪೋ ಹಿಂದಿನ ಮೈದಾನ, ಕಾಲಿಡೋಕೆ ಜಾಗ ಇಲ್ಲ. ಹಾಡಲ್ಲಿ ನೀನು ಕೋಲು ಬೀಳಿಸೋ ಜಾಗ ಬಂತು. ನಿಲ್ಲಲ್ಲ ಅಂತ ಮಾತು ಕೊಟ್ಟಿದ್ರೂ ನಮ್ಮ ಮೂವರ ಕೈ ಬಾಯಿ ತಾವಾಗೇ ನಿಂತ್ವು. ಅವಳೊಬ್ಬಳೇ ಬಾರಿಸ್ತಿದಾಳೆ. ಮೈದಾನಕ್ಕೆ ಮೈದಾನವೇ "ಎತ್ಕೋ!" ಅಂತು. ಬೆಚ್ಚಿಬಿದ್ಳು ಪಾಪ. ಕೈ ನೋಡ್ಕೊಂಡ್ಳು, ಎರಡೂ ಕೋಲು ಇವೆ. ನನ್ ಕಡೆ ನೋಡಿದ್ಳು. ಆಮೇಲೆ ಒಂದು ಕೋಲನ್ನ ಎಲ್ಲರಿಗೂ ಕಾಣೋ ಹಾಗೆ ಮೇಲೆತ್ತಿದ್ಳು, ಬಿಟ್ಬಿಟ್ಳು! ಜನ ಹುಚ್ಚೆದ್ರು. ಅವಳ ಮಾವ ಬೇಕರಿಯವನಂತೂ ಕುರ್ಚಿ ಹತ್ತಿ ಕೂಗಿದ. ಇಳಿದು ಬಂದೋಳು ಬೆವರು ಒರೆಸ್ಕೊಳ್ತಾ ಕೇಳಿದ್ಳು: "ನಿಮ್ಮ ತಂಗಿ ಎತ್ಕೊಳ್ಳೋಕೆ ಎಷ್ಟು ಹೊತ್ತು ತಗೋತಿದ್ರು? ಸರಿಯಾಗಿ ಹೇಳಿ, ಪ್ರಾಕ್ಟೀಸ್ ಮಾಡ್ಬೇಕು."

ಅಷ್ಟೇ ಕಣೇ. ಏನೂ ಮುಳುಗಿಲ್ಲ. ಹೊಟ್ಟೆ ತುಂಬ ಉಣ್ಣು, ಚೆನ್ನಾಗಿ ನಿದ್ದೆ ಮಾಡು, ನಿನ್ ಗಂಡನಿಗೆ ಕೇಳಿದೆ ಅಂತ ಹೇಳು. ನಿನ್ನ ಲಿಫ್ಟಣ್ಣ.

ಹಾ, ಇನ್ನೊಂದು, ಹೇಳೋದೇ ಬಿಟ್ಟೆ. ನಿನ್ ಡ್ರಮ್ಸು ಮಾರ್ಬಿಡು ಅಂದಿದ್ದೆಯಲ್ಲ, ಮಾರಿಲ್ಲ. ಮಾರಲ್ಲ. ನಿನ್ನೆ ಅವಳು ಬಾರಿಸಿದ್ದು ಅದನ್ನೇ. ಕುಳ್ಳಿ ಅಲ್ವಾ, ಸೀಟು ಒಂಚೂರು ಎತ್ತರ ಮಾಡಿದೀನಿ. ಸ್ಕ್ರೂ ಪೂರ್ತಿ ಬಿಗಿ ಮಾಡಿಲ್ಲ, ನೀನು ರಜಕ್ಕೆ ಬಂದ ದಿನ ಇಳಿಸೋಕೆ... ಬಂದೆ, ಬಂದೆ ಸಾರ್! ಒಳಗಿರೋರಿಗೆ ಹೆದರ್ಬೇಡಿ ಅನ್ನಿ! ಮೂರನೇ ಮಹಡೀಲಿ ಲಿಫ್ಟೊಳಗೆ ಯಾರೋ ಸಿಕ್ಕಾಕೊಂಡಿದಾರಂತೆ, ಇಡ್ತೀನಿ ಕಣೇ.