ನಿರ್ಮಲಮ್ಮನ ಮನೆಯ ನಕ್ಷೆ

ಜಗಳೂರು,
ಸೋಮವಾರ, ೬ ಅಕ್ಟೋಬರ್ ೨೦೨೫

ಪ್ರೀತಿಯ ಮಗ ಮಂಜುನಾಥನಿಗೆ,

ನಿನ್ನ ಅವ್ವ ಮನಸಾರೆ ಹರಸಿ ಬರೆಯುವುದು. ನಿನ್ನ ಸಕ್ಕರೆ ಈಗ ಹತೋಟಿಯಲ್ಲಿದೆಯೇ? ಬೇಕರಿ ಇಟ್ಟುಕೊಂಡವನಿಗೆ ಬಾಯಿ ಕಟ್ಟುವುದು ಕಷ್ಟವೆಂದು ಗೊತ್ತು. ಆದರೂ ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಬೆಣ್ಣೆ ಬಿಸ್ಕತ್ತಿನ ಡಬ್ಬಿಗೆ ಕೈಹಾಕಬೇಡ. ಸೊಸೆ ಲಕ್ಷ್ಮೀದೇವಿಯ ಕೆಮ್ಮು ಕಡಿಮೆಯಾಯಿತೇ? ಪಾಪ, ಹೊನ್ನಾಳಿ ಬಸ್ ಸ್ಟ್ಯಾಂಡಿನ ಧೂಳಿನಲ್ಲಿ ದಿನವಿಡೀ ನಿನ್ನ ಜೊತೆ ನಿಲ್ಲುವವಳು ಅವಳು. ನನಗೆ ಮಂಡಿನೋವು ಬಿಟ್ಟರೆ ಬೇರೇನೂ ಇಲ್ಲ. ನಮ್ಮ ಬೀದಿಯವರು ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿದ್ದಾರೆ, ನಡೆಯಲು ಜಾಗವಿಲ್ಲ. ನನ್ನ ಫೋನಿನ ಚಾರ್ಜರ್ ಕೆಟ್ಟಿದೆ. ನಿನ್ನ ಮಗಳು ಚೈತ್ರಶ್ರೀಯ ಫೋನಿಗೂ ಅದೇ ಚಾರ್ಜರ್. ಎರಡು ಮೂರು ದಿನ ನಾವಿಬ್ಬರೂ ಸಿಗದಿದ್ದರೆ ಗಾಬರಿಯಾಗಬೇಡ.

ಇನ್ನು ನೀನು ಒಪ್ಪಿಸಿದ ಕೆಲಸದ ವಿಚಾರ. ಡಿಗ್ರಿ ಓದಲೆಂದು ಮಗಳನ್ನು ನನ್ನ ಬಳಿ ಬಿಟ್ಟವನು ಕಳೆದ ಸಲ ಬಂದಾಗ, "ಅವಳ ಮ್ಯಾಲೆ ಒಂದು ಕಣ್ಣಿಡವ್ವ, ನ್ಯಾಮತಿ ಸಂಬಂಧ ಗಟ್ಟಿ ಆಗೋ ಹೊತ್ತು. ಫೋನಲ್ಲಿ ಬ್ಯಾಡ, ಅವಳ ಕಿವಿಗೆ ಬಿದ್ದೀತು, ಕಾಗದ ಬರಿ" ಎಂದು ಹೇಳಿ ಹೋದೆಯಲ್ಲ. ನೀನು ಹೇಳದಿದ್ದರೂ ಇಡುತ್ತಿದ್ದೆ. ಅಂಗನವಾಡಿಯಲ್ಲಿ ಕೆಲಸ ಮಾಡಿದವಳು ನಾನು, ಮಕ್ಕಳು ಸದ್ದಿಲ್ಲದೆ ಕೂತರೆ ಏನೋ ನಡೆದಿದೆ ಎಂದು ಎದ್ದು ಹೋಗಿ ನೋಡುವುದು ನನ್ನ ಅಭ್ಯಾಸ. ನಿನ್ನ ಮಗಳೂ ಹಾಗೇ ಸದ್ದಿಲ್ಲದೆ ಇದ್ದಳು. ಭಾನುವಾರ ಬಂತೆಂದರೆ ತಲೆ ಬಾಚಿಕೊಂಡು, ಪೇಪರಿನ ರಟ್ಟು ಹಾಕಿದ ದಪ್ಪ ಪುಸ್ತಕವೊಂದನ್ನು ದುಪಟ್ಟದಡಿ ಹಿಡಿದು ಹೊರಡುತ್ತಿದ್ದಳು. ಕೇಳಿದರೆ "ನಿರ್ಮಲಮ್ಮ ಮೇಡಂ ಮನೆಗೆ" ಎನ್ನುವಳು. ಅವಳು ಸ್ನಾನಕ್ಕೆ ಹೋದಾಗ ರಟ್ಟು ಬಿಚ್ಚಿ ನೋಡಿದೆ. ಬೈಬಲ್ಲು. ವಿಮೋಚನಕಾಂಡವೆಂಬ ಭಾಗದ ತುಂಬ ಪೆನ್ಸಿಲ್ಲಿನ ಗೆರೆ. ನ್ಯಾಮತಿಯವರಿಗೆ ಗೊತ್ತಾದರೆ ಏನು ಗತಿ ಎಂದು ರೊಟ್ಟಿ ಹೆಂಚಿನ ಮೇಲೇ ಹೊತ್ತಿಸಿದೆ. ಅದೇ ದಿನ ಅವಳು ಒಲೆಯ ಮುಂದೆ ಕೂತು, "ಅಜ್ಜಿ, ಕುರಿ ಹಿಂಡು ಹೊಡ್ಕಂಡು ಒಂದು ದಿನಕ್ಕೆ ಎಷ್ಟು ದೂರ ಹೋಗಾಕೆ ಆಗ್ತೈತೆ?" ಎಂದಳು. ಬಿ.ಎ. ಮುಗಿಸಿದ ಹುಡುಗಿಗೆ ಕುರಿಯ ಚಿಂತೆ ಯಾಕೆ, ನೀನೇ ಹೇಳು.

ಮುಂದಿನ ಭಾನುವಾರ ಮಂಡಿಗೆ ಎಣ್ಣೆ ಹಚ್ಚಿಕೊಂಡು ನಾನೂ ಹಿಂದೆಯೇ ಹೋದೆ. ನಿರ್ಮಲಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಗೋಡೆಯ ಮೇಲೆ ಶಿಲುಬೆಯೂ ಇಲ್ಲ, ದೇವರ ಪಟವೂ ಇಲ್ಲ. ಅದು ನನಗೆ ಇನ್ನೂ ಅನುಮಾನ ತಂದಿತು. ಇದ್ದದ್ದು ಒಂದು ದೊಡ್ಡ ನಕ್ಷೆ, ಸುತ್ತ ನಾಲ್ಕೈದು ಹುಡುಗಿಯರು. ಪ್ರಾರ್ಥನೆ ಯಾವಾಗ ಶುರುವಾಗುತ್ತದೋ ಎಂದು ಕಾದೆ, ಆಗಲೇ ಇಲ್ಲ. ಆ ಅಮ್ಮ ದೇವರ ಹೆಸರಿಗಿಂತ ಹೆಚ್ಚಾಗಿ ಹೇಳಿದ್ದು ನದಿ, ಮರಳುಗಾಡು, ದಾರಿಗಳ ಹೆಸರನ್ನು. ಈಜಿಪ್ಟಿನಲ್ಲಿ ಇಟ್ಟಿಗೆ ಹೊಡೆಯುವ ಗುಲಾಮರಾಗಿದ್ದ ಜನ ಬಿಡುಗಡೆಯಾಗಿ ಹೊರಟ ಕಥೆಯಂತೆ ಅದು. ಅವರು ದಾಟಿದ್ದು ಕೆಂಪು ಸಮುದ್ರವೋ ಆಪು ಹುಲ್ಲು ಬೆಳೆದ ಜೌಗೋ ಎಂದು ಪಂಡಿತರು ಇನ್ನೂ ಜಗಳವಾಡುತ್ತಾರಂತೆ. ಆ ದೇಶದ ಶಾಸನಗಳಲ್ಲಿ ಇಂಥದೊಂದು ನಡೆದ ಮಾತೇ ಇಲ್ಲವಂತೆ. ಸೋತ ರಾಜ ಅದನ್ನು ಕಲ್ಲಿನಲ್ಲಿ ಯಾಕೆ ಕೆತ್ತಿಸುತ್ತಾನೆ ಎಂದು ನಾನು ಕೇಳಿದೆ. "ಅಂಗೂ ವಾದ ಮಾಡೋರು ಅದಾರೆ ಉಡಚಮ್ಮನೋರೆ, ಆದ್ರೆ ಅಷ್ಟಕ್ಕೇ ನಡೀತು ಅನ್ನಾಕೆ ಬರಲ್ಲ" ಎಂದರು. ಅವರೂ ನನ್ನಂತೆಯೇ ಯಾವುದನ್ನೂ ಸುಮ್ಮನೆ ನಂಬುವವರಲ್ಲ ಎಂದು ಆಗ ಸ್ವಲ್ಪ ಸಮಾಧಾನವಾಯಿತು.

ಆಮೇಲೆ ಚೈತ್ರಶ್ರೀ ಎದ್ದು ನಿಂತು ನಕ್ಷೆಯ ಮೇಲೆ ಬೆರಳಿಟ್ಟಳು. ಸಮುದ್ರದ ದಂಡೆಗುಂಟ ಹತ್ತಿರದ ದಾರಿಯಿತ್ತು, ಆದರೆ ಅದರ ಉದ್ದಕ್ಕೂ ರಾಜನ ಕೋಟೆಗಳು, ಕಾವಲಿನವರು. ಅದಕ್ಕೇ ಆ ಜನ ಕುರಿಮರಿ ಕಟ್ಟಿಕೊಂಡು ಮರಳುಗಾಡಿನ ಸುತ್ತುದಾರಿ ಹಿಡಿದಿರಬಹುದು ಎಂದು ಹೇಳಿದಳು. ಹಿಟ್ಟು ಹುಳಿ ಬರುವವರೆಗೆ ಕಾಯದೆ ಹಾಗೇ ತಟ್ಟಿ ಬೇಯಿಸಿಕೊಂಡು ಹೊರಟರಂತೆ. ನಾವು ದಿನಾ ತಿನ್ನುವುದೂ ಅಂಥದ್ದೇ ರೊಟ್ಟಿಯಲ್ಲವೇ ಎಂದುಕೊಂಡೆ. ಅವಳ ದನಿ ಅಷ್ಟು ಗಟ್ಟಿಯಾಗಿ ಏಳುವುದನ್ನು ನಮ್ಮ ಮನೆಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಹೆಮ್ಮೆಯಾಯಿತು, ಮರೆಮಾಚುವುದೇನು.

ಆದರೆ ಆ ರಾಜ ಫರೋಹನ ಮೇಲೆ ನನಗೆ ಬಂದ ಅನುಮಾನ ಇನ್ನೂ ಹೋಗಿಲ್ಲ. ಕಷ್ಟ ಬಂದಾಗ ಹೋಗಿ ಎನ್ನುತ್ತಾನೆ, ಕಷ್ಟ ಕಳೆದ ಕೂಡಲೇ ಮಾತು ತಿರುಗಿಸುತ್ತಾನೆ. ಪ್ರತಿಸಲವೂ ಅದೇ. ಕೊನೆಗೆ ರಥ ಹತ್ತಿ ಬೆನ್ನಟ್ಟಿ ದಂಡನ್ನೆಲ್ಲ ನೀರುಪಾಲು ಮಾಡಿಕೊಂಡನಂತೆ. ಈ ದನಿ ಎಲ್ಲೋ ಕೇಳಿದ್ದೇನಲ್ಲ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. "ಪಿಯುಸಿ ಮುಗೀಲಿ, ದೊಡ್ಡ ಊರಿಗೆ ಓದಾಕೆ ಕಳಿಸ್ತೀನಿ." "ಡಿಗ್ರಿ ಆಗ್ಲಿ, ಎಂ.ಎ. ಮಾಡಿಸ್ತೀನಿ." "ಮದುವೆ ಆದಮ್ಯಾಲೆ ಅವರೇ ಓದಿಸ್ತಾರೆ." ಈ ಮಾತುಗಳನ್ನು ಆಡಿದವರು ಯಾರೆಂದು ನಿನಗೂ ನೆನಪಿರಬೇಕು.

ಊಟ ಹೊತ್ತಿಗೆ ಸರಿಯಾಗಿ ಮಾಡು, ಮಾತ್ರೆ ತಪ್ಪಿಸಬೇಡ. ಲಕ್ಷ್ಮೀದೇವಿಗೆ ರಾತ್ರಿ ಬಿಸಿನೀರು ಕುಡಿಯಲು ಹೇಳು. ಇಬ್ಬರೂ ನೂರ್ಕಾಲ ತಣ್ಣಗಿರಿ.

ನಿನ್ನ ಅವ್ವ,
ಉಡಚಮ್ಮ

ತಾ.ಕ.: ಚಾರ್ಜರ್ ಸರಿಯಾಗಿಯೇ ಇದೆ. ಚೈತ್ರಶ್ರೀಗೆ ಶಿವಮೊಗ್ಗದಲ್ಲಿ ಇತಿಹಾಸದ ಎಂ.ಎ.ಗೆ ಸೀಟು ಸಿಕ್ಕಿದೆ. ಬುಧವಾರ ಸೇರಲು ಕೊನೆಯ ದಿನ, ಈ ಕಾಗದ ನಿನ್ನ ಕೈಸೇರುವುದು ಗುರುವಾರ. ಬೆಳಗ್ಗೆ ಬಸ್ ಹತ್ತಿಸಿ ಬಂದೇ ಬರೆಯಲು ಕೂತೆ. ದೋಸೆ ಹಿಟ್ಟು ಹುಳಿ ಬಂದಿರಲಿಲ್ಲ, ರೊಟ್ಟಿ ತಟ್ಟಿ ಕಟ್ಟಿಕೊಟ್ಟೆ. ಹತ್ತಿರದ ದಾರಿಯಲ್ಲಿ ಹೊನ್ನಾಳಿಯ ನಿನ್ನ ಬೇಕರಿ, ಅದಾದ ಮೇಲೆ ನ್ಯಾಮತಿಯವರ ಕಣ್ಣು. ಅದಕ್ಕೇ ದಾವಣಗೆರೆಯಿಂದ ಚನ್ನಗಿರಿ, ಭದ್ರಾವತಿ ಸುತ್ತಿಕೊಂಡು ಹೋಗು ಎಂದು ನಾನೇ ಹೇಳಿದೆ. ನೀನು ಬೈಕ್ ಹತ್ತಬೇಡ. ರಥ ಹತ್ತಿ ಬೆನ್ನಟ್ಟಿದವನ ದಂಡು ಏನಾಯಿತೆಂದು ನಿರ್ಮಲಮ್ಮ ಆಗಲೇ ಹೇಳಿಯಾಗಿದೆ.