ಹಿಂದಕ್ಕೆ ಕಳಿಸಿದ ಅಕ್ಕಿ

ಅಕ್ಟೋಬರ್ ೧೪, ಮಂಗಳವಾರ

ಜಂಬಮ್ಮನಿಗೆ ಸುಳ್ಳು ಹೇಳಿದೆ. ಬೆಳಗಿನಿಂದ ಅದೇ ಕೊರೆಯುತ್ತಿದೆ.

ನಮ್ಮ ಸಂಘದಿಂದ ಚಿತ್ತವಾಡ್ಗಿಯ ಬಡವರ ಮನೆಗಳಿಗೆ ತಿಂಗಳಿಗೊಮ್ಮೆ ಅಕ್ಕಿ ಹಂಚುತ್ತೇವೆ. ಈ ಸಲ ಸಂಡೂರಿನ ಗಣಿ ಮಾಲೀಕನೊಬ್ಬ ಲಾರಿ ತುಂಬ ಅಕ್ಕಿ ಕಳಿಸಿದ್ದ. ಭಾನುವಾರ ನಾನೇ ಲಾರಿಗೆ ಅಡ್ಡ ನಿಂತು, ಗುಡ್ಡ ಅಗೆದು ತಿಂದವರ ದಾನ ನಮಗೆ ಬೇಡ ಎಂದು ಭಾಷಣ ಬಿಗಿದು ಅದನ್ನು ವಾಪಸ್ ಕಳಿಸಿದೆ.

"ಲೇ, ನಿನ್ನ ಕರಪತ್ರ ಕುದಿಸಿ ನೀಡ್ತೀಯೇನು ಮಂದಿಗೆ?" ಎಂದು ಸಂಘದ ಗೆಳೆಯ ವೀರೇಶ್ ಕೇಳಿದ. ಅವನನ್ನು ಹೇಡಿ ಎಂದೆ. ಹುಡುಗರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಹಿತವಾಗಿತ್ತು, ಇಲ್ಲಿಯಾದರೂ ಒಪ್ಪಿಕೊಳ್ಳುತ್ತೇನೆ.

ಇವತ್ತು ಬೆಳಿಗ್ಗೆ ಚಿತ್ತವಾಡ್ಗಿಗೆ ಹೋದಾಗ ಜಂಬಮ್ಮ ಅಕ್ಕಿ ಡಬ್ಬಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು.

"ಯಾವಾಗ ಬರ್ತೈತೋ ತಮ್ಮಾ ಅಕ್ಕಿ? ಮೊಮ್ಮಕ್ಕಳಿಗೆ ಬರೇ ಮಂಡಕ್ಕಿ ಕೊಟ್ಟು ಮಲಗಸಾಕತ್ತೀನಿ."

"ಲಾರಿ ಕೆಟ್ಟು ನಿಂತೈತಬೇ" ಎಂದೆ.

"ಅಯ್ಯ ಪಾಪ. ಆ ಡ್ರೈವರ್ ಉಂಡಾನೋ ಇಲ್ಲೋ."

ನಿಜ ಹೇಳಿದ್ದರೆ ಬೈಯುತ್ತಿದ್ದಳು. ಬೈಸಿಕೊಳ್ಳುವ ಧೈರ್ಯವೂ ನನಗಿರಲಿಲ್ಲ. ಆ ದುಡ್ಡು ಕೆಟ್ಟದ್ದೆಂದು ಈಗಲೂ ನಂಬುತ್ತೇನೆ. ಆದರೆ ಬೇಡ ಎನ್ನುವ ಹಕ್ಕು ಅವಳದಾಗಿತ್ತು. ನಾನು ಅವಳನ್ನು ಒಂದು ಮಾತು ಕೇಳಲಿಲ್ಲ.

ನಾಳೆ ಹೋಗಿ ಹೇಳಬೇಕು. ಹೇಳಿದ ಮೇಲೆ ಅಕ್ಕಿ ಎಲ್ಲಿಂದ ತರುವುದು? ಸಂಡೂರಿಗೆ ಹೋಗಿ ಅವನ ಮುಂದೆಯೇ ಕೈಚಾಚುವುದೋ, ಅಥವಾ

ಅಮ್ಮ ಊಟಕ್ಕೆ ಕರೆದಳು. ಹಸಿವಿಲ್ಲ ಎಂದೆ. ಅದೂ ಸುಳ್ಳು.