ಬೆರಳು ತೋರಿಸದ ಕಾಡು

ಜೊಹೋರ್ ಬಾರು
ಆಗಸ್ಟ್ ೧೨

ಪ್ರೀತಿಯ ಇಂದಾಯ್, ನನ್ನಮ್ಮ,

ನಿನ್ನ ಮಗ ಚೆನ್ನಾಗಿದ್ದಾನೆ. ಕನ್ನಡಕ ಹುಡುಕಬೇಡ, ಇದು ದನಿಯಲ್ಲಿ ಕಳಿಸುವ ಕಾಗದ, ಫೋನನ್ನು ಕಿವಿಗೆ ಹಿಡಿದುಕೋ. ಹಡಗಿಗೆ ಬಣ್ಣ ಬಳಿದು, ಊಟದ ಬಿಡುವಿನಲ್ಲಿ ಇದನ್ನು ಹೇಳುತ್ತಿದ್ದೇನೆ.

ನಮ್ಮ ಕಾಡಿನ ನಕ್ಷೆಯ ಕರಡು ಬಂದಿದೆ. ಸುಗ್ಗಿಹಬ್ಬಕ್ಕೆ ನಾನು ಊರಿಗೆ ಬಂದಾಗ ನೀನು, ನಾನು, ನಮ್ಮೂರೆಲ್ಲ ಒಂದೇ ಸೂರಿನಡಿ ಇರುವ ಉದ್ದಮನೆಯ ಯಜಮಾನ ಉಂತಾತ್ ಮಾಮ ಗಡಿಯುದ್ದಕ್ಕೂ ಗುರುತು ಹಾಕುತ್ತ ನಡೆದೆವಲ್ಲ, ಅದೇ. ತೊರೆ, ಬಂಡೆ, ಹಳೆಯ ಗದ್ದೆ ಎಲ್ಲ ಸರಿಯಾಗಿ ಕೂತಿವೆ. ಆದರೆ ತೊರೆಯ ತಿರುವಿನಲ್ಲಿ ಅಂಗೈಯಷ್ಟು ಜಾಗ ಖಾಲಿ. ಅಪ್ಪ ಮಲಗಿರುವ ಮಸಣದ ಕಾಡು.

ಅಲ್ಲಿ ನಾನು ಕೈ ಎತ್ತಿದಾಗ ನೀನು ಗದರಿಸಿದ್ದೆ: "ಇಳಿಸೋ ಕೈನ! ಸತ್ತೋರ್ ಕಡೆ ಬೆರಳು ತೋರಿಸ್ತಾರಾ?" ಬೆರಳಿಗೆ ಸಲ್ಲದ್ದು ಪೆನ್ಸಿಲಿಗೂ ಸಲ್ಲದು ಎಂದು ಮಾಮ ಅಲ್ಲಿ ಏನನ್ನೂ ಗುರುತು ಹಾಕಿಸಲಿಲ್ಲ. ನಾವು ಗೌರವಕ್ಕೆ ಬಿಟ್ಟ ಜಾಗ ತಾಳೆ ತೋಟದ ಕಂಪನಿಗೆ ಯಾರದ್ದೂ ಅಲ್ಲದ ಜಾಗವಾಗಿ ಕಾಣುತ್ತದೆ. ಅವರ ಮೇಲೆ ನಾವು ಹಾಕಿದ ಕೇಸಿಗಾಗಿ ಶುಕ್ರವಾರ ನಕ್ಷೆ ಕೋರ್ಟಿಗೆ ಹೋಗುತ್ತದೆ. ಹೀಗೇ ಹೋದರೆ ಅಪ್ಪನ ಮೇಲೆ ಬುಲ್ಡೋಜರ್ ಓಡುತ್ತದೆ.

ನಿನ್ನೆ ಮಾಮನಿಗೆ ಫೋನ್ ಮಾಡಿದೆ.

"ಊರೂರು ಅಲಿಯೋ ಕಾಲು ನಿಂದು. ನಮ್ ಗಡಿ ನೀನ್ ಹೇಳ್ಕೊಡ್ತೀಯೇನೋ?" ಎಂದು ನಕ್ಕರು.

"ಅಲೆದಿದ್ದಕ್ಕೇ ಗೊತ್ತಾಗಿದ್ದು ಮಾಮ. ನಕ್ಷೇಲಿ ಬಂಡೆ ಇಲ್ಲ ಅಂದ್ರೆ ಸಮುದ್ರದಲ್ಲೂ ಇಲ್ಲ ಅಂತ ಹಡಗು ನುಗ್ಗಿಸೋ ಜನ ಇಲ್ಲಿದ್ದಾರೆ."

"ಏನಾದ್ರೂ ಹೇಳು, ಸತ್ತೋರ್ನ ನಕ್ಷೇಲಿ ಬರೆಸಲ್ಲ ನಾನು."

"ಸತ್ತೋರು ಬೇಡ ಬಿಡಿ. ಮರ ಬರೆಸೋಣ."

ಇದಕ್ಕೆ ಮಾಮ ಒಪ್ಪಿದರು. ನಮ್ಮಲ್ಲಿ ಹಣ್ಣಿನ ಮರ ನೆಟ್ಟವರದು, ಆಮೇಲೆ ಅವರ ಮಕ್ಕಳದು. ಒಳಗೆ ಕಾಲಿಡದೆ, ಸುತ್ತಲಿನ ಮರಗಳನ್ನು ನೆಟ್ಟವರ ಹೆಸರಿನಿಂದಲೇ ಗುರುತಿಸಿದರೆ ಸಾಕು: ಅಜ್ಜಿಯ ದುರಿಯನ್, ಅಪ್ಪನ ಹಲಸು. ನಡುವೆ ಖಾಲಿ ಹಾಗೇ ಇರಲಿ. ಅದಕ್ಕೀಗ ಹೆಸರುಗಳ ಬೇಲಿ ಇರುತ್ತದೆ.

ಯಾವ ಮರ ಯಾರದೆಂದು ನಿನಗಷ್ಟೇ ಪೂರ್ತಿ ಗೊತ್ತು. ನಾಳೆ ಮಾಮನ ಜೊತೆ ಹೋಗು. ಬೆರಳು ಬೇಡ. ಮಸಣಕ್ಕೆ ಬೆನ್ನು ಮಾಡಿ, ಒಂದೊಂದೇ ಮರಕ್ಕೆ ಒರಗಿ ನಿಂತು ಹೆಸರು ಹೇಳು. ಜಾಗ ಗುರುತಿಸುವ ಜಿಪಿಎಸ್ ಯಂತ್ರದ ಗುಂಡಿ ಮಾಮ ಒತ್ತುತ್ತಾರೆ.

ಆ ಕಾಡು ಎಲ್ಲೂ ಹೋಗುವುದಿಲ್ಲ, ಇಂದಾಯ್.

ಒಂದು ಕಡೆ ನಿಲ್ಲದ ನಿನ್ನ ಮಗ,
ರಂಗಾವ್

ಇನ್ನೊಂದು ಮಾತು: ಪೂರ್ವದ ಅಂಚಿನ ರಾಂಬುಟಾನ್ ಗಿಡವನ್ನು ಹಕ್ಕಿ ಉದುರಿಸಿದ ಬೀಜ ಅನ್ನುತ್ತೀಯಲ್ಲ, ಹಕ್ಕಿಯದ್ದಲ್ಲ ಅದು. ಅಪ್ಪನನ್ನು ಮಣ್ಣು ಮಾಡಿದ ಸಂಜೆ ನಾನು ನೆಟ್ಟದ್ದು. ಅಲ್ಲಿ ನನ್ನ ಹೆಸರು ಹೇಳು.